ಕತ್ತಿಗೂ ಮೊದಲು ನೆಲ ಒರೆಸುವ ಬಟ್ಟೆ

ಜಪಾನಿನ ಕತ್ತಿವರಸೆ ಅಂದರೆ ನಮ್ಮ ವಯಸ್ಸಿನವರಿಗೆ ಥಟ್ಟನೆ ನೆನಪಾಗುವುದು ಅನಿಮೆ ನಾಯಕ, ಅವನ ಕೈಯಲ್ಲಿ ಮಿಂಚುವ ಕಟಾನಾ. ಆದರೆ ಅಲ್ಲಿನ ಎಷ್ಟೋ ಕೆಂಡೊ ಶಾಲೆಗಳಲ್ಲಿ ದಿನದ ಅಭ್ಯಾಸ ಶುರುವಾಗುವುದು ನೆಲ ಒರೆಸುವುದರಿಂದ!

ಅಭ್ಯಾಸದ ಅಂಗಳಕ್ಕೆ ‘ಡೋಜೊ’ ಎನ್ನುತ್ತಾರೆ. ಒದ್ದೆ ಬಟ್ಟೆಯ ಮೇಲೆ ಎರಡೂ ಅಂಗೈ ಊರಿ, ಸೊಂಟ ಎತ್ತಿ, ಈ ಗೋಡೆಯಿಂದ ಆ ಗೋಡೆಯವರೆಗೆ ತಳ್ಳುತ್ತಾ ಓಡಬೇಕು. ನೆಲ ಶುಚಿಯಾಗುತ್ತದೆ, ಜೊತೆಗೆ ತೊಡೆ, ಸೊಂಟಗಳೂ ಗಟ್ಟಿಯಾಗುತ್ತವೆ. ಕೆಂಡೊದಲ್ಲಿ ಹಿಂದಿನ ಕಾಲಿನಿಂದ ನೆಲವನ್ನು ಒತ್ತಿ ಮುನ್ನುಗ್ಗಲು ಬೇಕಾದ ಶಕ್ತಿಯೂ ಇದೇ.

ಬಟ್ಟೆ ಹಿಂಡುವುದರಲ್ಲೂ ಪಾಠವಿದೆ. ನಾವು ಬಟ್ಟೆಯನ್ನು ಅಡ್ಡ ಹಿಡಿದು ತಿರುಚುತ್ತೇವೆ. ಅಲ್ಲಿ ಕತ್ತಿಯ ಹಿಡಿಯಂತೆ ಉದ್ದಕ್ಕೆ ಹಿಡಿದು, ಬಲಗೈ ಮುಂದೆ, ಎಡಗೈ ಹಿಂದೆ ಇಟ್ಟು, ಎರಡನ್ನೂ ಒಳಮುಖವಾಗಿ ಹಿಂಡುವುದನ್ನು ಕಲಿಸುತ್ತಾರೆ. ಕಿರುಬೆರಳು, ಉಂಗುರಬೆರಳು ಬಿಗಿಯಾಗಿರಬೇಕು. ಹೆಬ್ಬೆರಳು, ತೋರುಬೆರಳು ಸಡಿಲ. ಕತ್ತಿಯ ಏಟು ಬೀಳುವ ಕ್ಷಣದಲ್ಲೂ ಹೀಗೇ ಹಿಂಡಿ, ಕೂಡಲೇ ಸಡಿಲ ಬಿಡಬೇಕು. ಮೊದಲಿನಿಂದಲೇ ಬಿಗಿ ಹಿಡಿದರೆ ಭುಜ ಸೆಟೆದು ವೇಗ ಇಳಿಯುತ್ತದೆ.

ಸೌದೆ ಒಡೆಯುವುದನ್ನೇ ನೋಡಿ. ಕೊಡಲಿಯ ಬಾಯಿ ಒಂದು ಕಡೆ, ಬೀಸುವ ದಿಕ್ಕು ಇನ್ನೊಂದು ಕಡೆ ಇದ್ದರೆ ಅದು ಸೀಳುವುದಿಲ್ಲ, ಜಾರುತ್ತದೆ. ಕತ್ತಿಯಲ್ಲಿ ಈ ಹೊಂದಾಣಿಕೆಗೆ ‘ಹಸುಜಿ’ ಎಂಬ ಹೆಸರಿದೆ. ಮೆಕ್ಯಾನಿಕ್ಸ್ ಪುಸ್ತಕದಲ್ಲಿ ನಾವು ಬಾಣದ ಗುರುತು ಹಾಕಿ ಓದುವ ಬಲದ ದಿಕ್ಕೂ ಇದೇ ತಾನೆ? ಊರಲ್ಲಿ ಬಚ್ಚಲ ಒಲೆಗೆ ಸೌದೆ ಸೀಳುವ ಅಪ್ಪನಿಗೆ ಇದನ್ನು ಯಾವ ಲೆಕ್ಚರರೂ ಹೇಳಿಕೊಟ್ಟಿಲ್ಲ.

ನಿತ್ಯದ ನಿಲುವೇ ಕಾಳಗದ ನಿಲುವಾಗಬೇಕು ಎಂಬುದು 17ನೇ ಶತಮಾನದ ಕತ್ತಿವೀರ ಮಿಯಾಮೊಟೊ ಮುಸಾಶಿಯ ‘ಗೊರಿನ್ ನೊ ಶೊ’ ಗ್ರಂಥದ ಆಶಯಗಳಲ್ಲೊಂದು. ಹಾಗೆಂದು ಪೊರಕೆ ಹಿಡಿದವರೆಲ್ಲ ಸಮುರಾಯ್ ಆಗುವುದಿಲ್ಲ. ತಿದ್ದಲು ಗುರು ಬೇಕು, ಮಾಡುವಾಗ ಗಮನ ಬೇಕು.

ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಡೋಜೊದಲ್ಲಿ ನೆಲ ಒರೆಸುವುದು ಕೀಳು ಕೆಲಸವಲ್ಲ, ವಿದ್ಯೆಯ ಭಾಗ. ಜಪಾನಿನ ಶಾಲೆಗಳಲ್ಲೂ ತರಗತಿಯನ್ನು ಗುಡಿಸಿ ಒರೆಸುವುದು ಮಕ್ಕಳೇ. ನಮ್ಮಲ್ಲಿ ಹುಡುಗರು ದುಡ್ಡು ಕೊಟ್ಟು ಜಿಮ್‌ನಲ್ಲಿ ತೂಕ ಎತ್ತುತ್ತಾರೆ; ಮನೆಯಲ್ಲಿ ನೀರಿನ ಕೊಡ ಎತ್ತುವುದು ಮಾತ್ರ ಅಮ್ಮ. ಮೈ ಹುರಿಗೊಳಿಸಿಕೊಳ್ಳುವ ಆಸೆಯಿದ್ದರೆ ಕೊಡವೂ ಇದೆ, ಬಕೆಟ್ಟೂ ಇದೆ. ಕಿರುಬೆರಳು ಬಿಗಿ ಇರಲಿ, ಭುಜ ಸಡಿಲ ಇರಲಿ. ಅಮ್ಮನಿಗೂ ಒಂದಿಷ್ಟು ಬಿಡುವು ಸಿಗಲಿ!