ನಿವೇಶನ ಕೊಳ್ಳುವ ಮುನ್ನ: ಬಡಾವಣೆ ನಿಯಮಗಳ ಮಾತುಗಳು ಮತ್ತು ಅವುಗಳ ಅರ್ಥ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ಆದರೆ ಮನೆ ಕಟ್ಟುವುದಕ್ಕೆ ಮೊದಲು ನೆಲ ಕೊಳ್ಳಬೇಕಾಗುತ್ತದೆ. ಇಂದಿನ ದಿನಗಳಲ್ಲಿ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣ, ಹೊಲ ಮಾರಿ ಬಂದ ಹಣ, ಹೆಂಗಸರು ಕೂಡಿಟ್ಟ ಬಂಗಾರ, ಇವೆಲ್ಲವನ್ನೂ ಒಂದೇ ನಿವೇಶನದಲ್ಲಿ ತೊಡಗಿಸುವ ಕುಟುಂಬಗಳು ಅನೇಕ. ಕ್ರಯಪತ್ರವಾಗಿ, ಹಣವೆಲ್ಲ ಸಂದಾಯವಾದ ಬಳಿಕ ಕಟ್ಟಡದ ಪರವಾನಿಗೆಗೆ ಅರ್ಜಿ ಹಾಕಿದಾಗ, 'ಸದರಿ ನಿವೇಶನವು ಅನುಮೋದಿತ ಬಡಾವಣೆಗೆ ಸೇರಿರುವುದಿಲ್ಲ' ಎಂಬ ಹಿಂಬರಹ ಬರುತ್ತದೆ. ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಾರೆ. ಮಾರಿದವನು ಮಾತ್ರ ತನ್ನ ದಾರಿ ಹಿಡಿದಿರುತ್ತಾನೆ.

ಇಂಥ ಸಂಕಟಕ್ಕೆ ಮೋಸವೊಂದೇ ಕಾರಣವಲ್ಲ. ದಾಖಲೆಗಳಲ್ಲಿ ಬರುವ ಶಬ್ದಗಳ ಅರ್ಥ ನಮಗೆ ತಿಳಿಯದಿರುವುದೂ ಅಷ್ಟೇ ದೊಡ್ಡ ಕಾರಣ. 'ಎನ್.ಎ. ಆಗಿದೆ', 'ಖಾತೆ ಇದೆ', 'ಕಂದಾಯ ಕಟ್ಟುತ್ತಿದ್ದೇವೆ' ಎಂಬ ಮಾತುಗಳು ಕಿವಿಗೆ ಭರವಸೆಯಂತೆ ಕೇಳಿಸುತ್ತವೆ. ಕಾನೂನಿನ ದೃಷ್ಟಿಯಲ್ಲಿ ಅವುಗಳ ಅರ್ಥ ಬಹು ಸೀಮಿತವಾದುದು. ಕರ್ನಾಟಕದಲ್ಲಿ ಜಮೀನನ್ನು ನಿವೇಶನಗಳಾಗಿ ವಿಂಗಡಿಸುವ ನಿಯಮಗಳಲ್ಲಿ ಪದೇ ಪದೇ ಬರುವ ಕೆಲವು ಮುಖ್ಯ ಶಬ್ದಗಳನ್ನು ವಾಚಕರಿಗೆ ಸರಳವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ನೆಲದ ಮೂಲ ಗುರುತು

ಪ್ರತಿಯೊಂದು ಜಮೀನಿಗೂ ಒಂದು ಸರ್ವೆ ನಂಬರು ಇರುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಹಲವರ ಪಾಲುಗಳಿದ್ದರೆ ಅವು ಹಿಸ್ಸೆಗಳು. ಪ್ರತಿಯೊಂದು ಪಾಲನ್ನೂ ಅಳತೆ ಮಾಡಿ, ಗಡಿ ಗುರುತಿಸಿ, ಪ್ರತ್ಯೇಕ ಹಿಸ್ಸಾ ನಂಬರು ಕೊಡುವ ಕಾರ್ಯಕ್ಕೆ ಪೋಡಿ ಎಂದು ಹೆಸರು. ಪೋಡಿಯಾಗದ ಜಮೀನಿನಲ್ಲಿ 'ಇಷ್ಟು ಗುಂಟೆ ನನ್ನದು' ಎಂದು ಹೇಳಬಹುದೇ ಹೊರತು 'ಈ ಜಾಗವೇ ನನ್ನದು' ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದುದರಿಂದ ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವಾಗ '೧೧ಇ ನಕ್ಷೆ' ಎಂಬ ಅಳತೆಯ ನಕ್ಷೆಯನ್ನು ನೋಂದಣಿಗೆ ಮೊದಲೇ ಪಡೆಯಬೇಕೆಂಬ ವ್ಯವಸ್ಥೆ ಬಂದಿದೆ.

ಹಳೆಯ ಮೈಸೂರಿನ ಕಡೆ ಪಹಣಿ ಎಂದೂ ಉತ್ತರ ಕರ್ನಾಟಕದಲ್ಲಿ ಉತಾರ ಎಂದೂ ಕರೆಯುವ ಪತ್ರದಲ್ಲಿ ಜಮೀನಿನ ವಿಸ್ತೀರ್ಣ, ಸ್ವಾಧೀನದಾರರ ಹೆಸರು, ಬೆಳೆ, ಸಾಲದ ವಿವರ ಮುಂತಾದವು ಇರುತ್ತವೆ. ಅದರಲ್ಲಿ ವಾಚಕರು ತಪ್ಪದೆ ನೋಡಬೇಕಾದ ಒಂದು ಶಬ್ದ ಖರಾಬು. ಖರಾಬಿನಲ್ಲಿ ಎರಡು ಬಗೆ. ಬಂಡೆ, ಹಳ್ಳದ ದಡ, ಕಣ ಮೊದಲಾದ, ಬೇಸಾಯಕ್ಕೆ ಬಾರದ ನೆಲ 'ಅ' ಖರಾಬು. ಇದು ಜಮೀನಿನ ಒಡೆಯನಿಗೇ ಸೇರಿರುತ್ತದೆ. ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ ಇತ್ಯಾದಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ 'ಬ' ಖರಾಬು. ಇದು ಒಡೆಯನದಲ್ಲ, ಮಾರುವ ಅಧಿಕಾರ ಅವನಿಗಿಲ್ಲ. ಒಣಗಿದ ಹಳ್ಳವನ್ನು ಮುಚ್ಚಿ, ಸಮತಟ್ಟು ಮಾಡಿ, ನಿವೇಶನವೆಂದು ಮಾರಿದ ಪ್ರಸಂಗಗಳಲ್ಲಿ ಕೊಂಡವರಿಗೆ ಉಳಿಯುವುದು ಕಾಗದ ಮಾತ್ರ. ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂದೇ ಬರುತ್ತದೆ.

ವಿಭಜನೆ ಎಂದರೇನು?

೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿ 'ನಿವೇಶನ' ಎಂದರೆ ಒಂದೇ ಒಡೆತನದಲ್ಲಿರುವ, ಒಂದಕ್ಕೊಂದು ಹೊಂದಿಕೊಂಡಿರುವ ಅಖಂಡ ಭೂಭಾಗ. 'ಅಭಿವೃದ್ಧಿ' ಎಂಬ ಶಬ್ದಕ್ಕೆ ಅದೇ ಕಾನೂನು ಕೊಡುವ ಅರ್ಥ ಇನ್ನೂ ವಿಶಾಲವಾದುದು. ಕಟ್ಟಡ ಕಟ್ಟುವುದು, ನೆಲ ಅಗೆಯುವುದು, ನೆಲದ ಉಪಯೋಗವನ್ನು ಬದಲಿಸುವುದು ಇವಷ್ಟೇ ಅಭಿವೃದ್ಧಿಯಲ್ಲ. ಭೂಮಿಯನ್ನು ತುಂಡುಗಳಾಗಿ ವಿಭಜಿಸುವುದೂ ಅಭಿವೃದ್ಧಿಯೇ. ಒಂದು ಇಟ್ಟಿಗೆಯನ್ನೂ ಇಡದೆ ಕೇವಲ ಕಲ್ಲು ನೆಟ್ಟು ಗೆರೆ ಎಳೆದರೂ ಕಾನೂನಿನ ಕಣ್ಣಿಗೆ ಅದು ಅಭಿವೃದ್ಧಿ ಕಾರ್ಯ. ಆದ್ದರಿಂದಲೇ ನಿವೇಶನವನ್ನು ಒಡೆಯಲು ಅಥವಾ ಖಾಸಗಿ ರಸ್ತೆ ಮಾಡಿ ಬಡಾವಣೆ ರಚಿಸಲು ಯೋಜನಾ ಪ್ರಾಧಿಕಾರದ ಅನುಮತಿ ಬೇಕೆಂದು ಈ ಅಧಿನಿಯಮದ ೧೭ನೆಯ ಪ್ರಕರಣವು ವಿಧಿಸುತ್ತದೆ.

ಈ ಮಾತು ಬಡಾವಣೆ ಮಾಡುವ ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ತಂದೆ ಕೊಂಡಿಟ್ಟ ೪೦ ಅಡಿ ಅಗಲ, ೬೦ ಅಡಿ ಉದ್ದದ ನಿವೇಶನವನ್ನು ಇಬ್ಬರು ಅಣ್ಣತಮ್ಮಂದಿರು ವಾಟ್ನಿಪತ್ರದ ಮೂಲಕ ಹಂಚಿಕೊಂಡರೆಂದು ಭಾವಿಸೋಣ. ಪತ್ರದಿಂದ ಹಕ್ಕು ಹಂಚಿಕೆಯಾಗುತ್ತದೆ, ನಿಜ. ಆದರೆ ಆ ನಿವೇಶನವನ್ನು ಎರಡು ಪ್ರತ್ಯೇಕ ನಿವೇಶನಗಳೆಂದು ಪ್ರಾಧಿಕಾರ ಒಪ್ಪಬೇಕಾದರೆ ವಿಭಜನೆಯ ಅನುಮೋದನೆ ಬೇಕು. ಎರಡಕ್ಕೂ ರಸ್ತೆಯ ಮುಖ ಇರಬೇಕು. ಮನೆಯ ಸುತ್ತ ನಿಯಮದಂತೆ ಖಾಲಿ ಜಾಗ ಉಳಿಯಬೇಕು. ಹಿಂದಿನ ಭಾಗ ಪಡೆದ ತಮ್ಮನಿಗೆ ದಾರಿಯೇ ಇಲ್ಲದಂತಾದರೆ ಇಂದಿನ ಪ್ರೀತಿ ನಾಳಿನ ವ್ಯಾಜ್ಯವಾಗಲು ತಡವಿಲ್ಲ. ಪಾಲು ಮಾಡಿಕೊಳ್ಳುವಾಗಲೇ ದಾರಿ, ಬಾವಿ, ಚರಂಡಿಗಳ ವಿವರವನ್ನು ಪತ್ರದಲ್ಲಿ ಬರೆದು ನಕ್ಷೆ ಲಗತ್ತಿಸುವುದು ಜಾಣತನ.

ಇಲ್ಲಿಯೇ ಇನ್ನೊಂದು ಸಂಗತಿ. ಪಿತ್ರಾರ್ಜಿತ ಜಮೀನನ್ನು ಕೊಳ್ಳುವಾಗ ಮಾರುವವರ ಮನೆಯ ಹೆಣ್ಣುಮಕ್ಕಳ ಹಕ್ಕನ್ನು ವಿಚಾರಿಸದೆ ಮುಂದುವರಿಯಬಾರದು. ಕರ್ನಾಟಕದಲ್ಲಿ ೧೯೯೪ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಜನ್ಮಸಿದ್ಧ ಹಕ್ಕು ನೀಡಿತು. ೨೦೦೫ರ ಕೇಂದ್ರ ತಿದ್ದುಪಡಿಯು ಅದನ್ನು ಇಡೀ ದೇಶಕ್ಕೆ ಅನ್ವಯಿಸಿ, ಮದುವೆಯಾದವರು ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು, ೨೦೦೫ರಲ್ಲಿ ತಂದೆ ಜೀವಂತವಿರಲಿ ಇಲ್ಲದಿರಲಿ ಮಗಳ ಈ ಹಕ್ಕು ಉಳಿಯುತ್ತದೆಂದು ಸ್ಪಷ್ಟಪಡಿಸಿತು. ಗಂಡುಮಕ್ಕಳ ರುಜು ಮಾತ್ರ ಇರುವ ಕ್ರಯಪತ್ರವು ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು.

ಪರಿವರ್ತನೆ ಬೇರೆ, ಅನುಮೋದನೆ ಬೇರೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಕೃಷಿ ಜಮೀನನ್ನು ಮನೆ, ಅಂಗಡಿ, ಕಾರ್ಖಾನೆ ಮೊದಲಾದ ಉಪಯೋಗಕ್ಕೆ ಬದಲಿಸುವುದು ಭೂಪರಿವರ್ತನೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ 'ಎನ್.ಎ.' ಎಂಬುದೇ ರೂಢಿಯ ಮಾತು. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣ ಇದಕ್ಕೆ ಆಧಾರ. ಬಹುಕಾಲದಿಂದ ಇದಕ್ಕೆ ಜಿಲ್ಲಾಧಿಕಾರಿಗಳ ಆದೇಶವೇ ಮುಖ್ಯವಾಗಿದ್ದು, ಅರ್ಜಿಯ ಕ್ರಮ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದಿದೆ.

ಪರಿವರ್ತನೆಯಿಂದ ನೆಲದ ಉಪಯೋಗ ಮಾತ್ರ ಬದಲಾಗುತ್ತದೆ. ಆ ನೆಲದಲ್ಲಿ ಎಷ್ಟು ನಿವೇಶನ, ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ ಎಂಬುದನ್ನು ನಿರ್ಧರಿಸುವುದು ವಿನ್ಯಾಸ ನಕ್ಷೆ. ಅದಕ್ಕೆ ಯೋಜನಾ ಪ್ರಾಧಿಕಾರವು ಕೊಡುವ ಒಪ್ಪಿಗೆಯೇ ವಿನ್ಯಾಸ ಅನುಮೋದನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ೧೯೭೬ರ ಅದರದೇ ಅಧಿನಿಯಮವಿದೆ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮೊದಲಾದ ನಗರಗಳ ನಗರಾಭಿವೃದ್ಧಿ ಪ್ರಾಧಿಕಾರಗಳು ೧೯೮೭ರ ಅಧಿನಿಯಮದ ಕೆಳಗೆ ಕೆಲಸ ಮಾಡುತ್ತವೆ. ಪರಿವರ್ತನೆಯಾಗಿ ಅನುಮೋದನೆಯಿಲ್ಲದ ನಿವೇಶನವೂ ಅಪೂರ್ಣ. ಎರಡೂ ಇಲ್ಲದ್ದನ್ನು ಜನ 'ರೆವಿನ್ಯೂ ಸೈಟು' ಎನ್ನುತ್ತಾರೆ.

೨೦೨೦ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಇದರಿಂದ, 'ಈಗ ಯಾರು ಬೇಕಾದರೂ ಹೊಲದಲ್ಲಿ ಸೈಟು ಮಾಡಬಹುದು' ಎಂಬ ತಪ್ಪು ಕಲ್ಪನೆ ಹಬ್ಬಿದೆ. ಕೊಳ್ಳುವ ಅರ್ಹತೆ ಬದಲಾಗಿದೆಯೇ ಹೊರತು ಆ ನೆಲವನ್ನು ನಿವೇಶನಗಳಾಗಿ ಒಡೆಯುವ ನಿಯಮ ಸಡಿಲವಾಗಿಲ್ಲ. ಅಲ್ಲದೆ ನಗರದ ಮಹಾಯೋಜನೆಯಲ್ಲಿ ಆ ಜಮೀನು ಯಾವ ವಲಯಕ್ಕೆ ಸೇರಿದೆ ಎಂಬುದನ್ನೂ ನೋಡಬೇಕು. ಹಸಿರು ವಲಯದಲ್ಲಿರುವ ಹೊಲಕ್ಕೆ ವಸತಿ ಬಡಾವಣೆಯ ಒಪ್ಪಿಗೆ ಸುಲಭವಾಗಿ ದೊರೆಯುವುದಿಲ್ಲ.

ಒಂದು ಎಕರೆಯ ಲೆಕ್ಕ

ಒಂದು ಗುಂಟೆಗೆ ೧,೦೮೯ ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ೪೩,೫೬೦ ಚದರ ಅಡಿ. ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನಕ್ಕೆ ೧,೨೦೦ ಚದರ ಅಡಿ ಬೇಕು. ಇಡೀ ಎಕರೆಯನ್ನು ರಸ್ತೆಯಿಲ್ಲದೆ ತುಂಡು ಮಾಡಿದರೂ ೩೬ ನಿವೇಶನಗಳಾಗುತ್ತವೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಅರ್ಧದಷ್ಟು ನೆಲ ಹೋಗುತ್ತದೆಂದು ಇಟ್ಟುಕೊಂಡರೆ ಉಳಿಯುವುದು ಹದಿನೆಂಟು ಮಾತ್ರ. ಒಂದೇ ಎಕರೆಯಲ್ಲಿ ಮೂವತ್ತು ನಿವೇಶನ ಮಾಡಿ ಅಗ್ಗವಾಗಿ ಮಾರುವವನು ಆ ಅಗ್ಗವನ್ನು ತನ್ನ ಲಾಭದಿಂದ ಕೊಡುತ್ತಿಲ್ಲ. ನಮ್ಮ ಮಕ್ಕಳು ಆಡಬೇಕಾದ ಬಯಲನ್ನೂ ಅಂಬುಲೆನ್ಸ್ ಬರಬೇಕಾದ ರಸ್ತೆಯನ್ನೂ ಕತ್ತರಿಸಿ ಕೊಡುತ್ತಿದ್ದಾನೆ. ಕಾಗದ ಪತ್ರ ಓದಲಾಗದವರೂ ಈ ಲೆಕ್ಕ ಹಾಕಬಹುದು.

'ನಾಗರಿಕ ಸೌಲಭ್ಯ ನಿವೇಶನ' ಎಂಬ ಶಬ್ದದ ವ್ಯಾಪ್ತಿ ದೊಡ್ಡದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮದ ವ್ಯಾಖ್ಯೆಯಲ್ಲಿ ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಗ್ರಂಥಾಲಯ, ಹಾಲಿನ ಕೇಂದ್ರ, ಬಸ್ ನಿಲ್ದಾಣ ಮುಂತಾದವು ಸೇರಿವೆ. ನೋಂದಾಯಿತ ಸಂಘಗಳು, ಧರ್ಮಾರ್ಥ ಟ್ರಸ್ಟುಗಳು ನಡೆಸುವ ಶಿಕ್ಷಣ, ಧಾರ್ಮಿಕ, ಸಾಂಸ್ಕೃತಿಕ ಕೇಂದ್ರಗಳೂ ಅದರಲ್ಲಿ ಸೇರುತ್ತವೆ. ನಮ್ಮ ಸಂಘ ಸಂಸ್ಥೆಗಳವರು ಇದನ್ನು ಅರಿತಿರಬೇಕು. ಪ್ರಾಧಿಕಾರದ ಯೋಜನೆಗಳಲ್ಲಿ ಉದ್ಯಾನ ಮತ್ತು ಆಟದ ಬಯಲಿಗೆ ಶೇಕಡಾ ೧೫ಕ್ಕೆ ಕಡಿಮೆಯಿಲ್ಲದಂತೆ, ನಾಗರಿಕ ಸೌಲಭ್ಯಗಳಿಗೆ ಮತ್ತೆ ಶೇಕಡಾ ೧೦ಕ್ಕೆ ಕಡಿಮೆಯಿಲ್ಲದಂತೆ ನೆಲ ಬಿಡಬೇಕೆಂದು ಅದೇ ಅಧಿನಿಯಮ ಹೇಳುತ್ತದೆ.

ಹೀಗೆ ಬಿಟ್ಟ ನೆಲ ಎಷ್ಟು ಪವಿತ್ರವಾದುದೆಂಬುದಕ್ಕೆ ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪನವರ ನಡುವಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಸಾಕ್ಷಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿದ್ದ ಜಾಗವನ್ನು ಖಾಸಗಿ ಶುಶ್ರೂಷಾಲಯಕ್ಕೆ ಹಂಚಿಕೆ ಮಾಡಲಾಗಿತ್ತು. ಅಲ್ಲಿಯ ನಿವಾಸಿಗಳು ಪ್ರಶ್ನಿಸಿದರು. ಆಸ್ಪತ್ರೆ ಒಳ್ಳೆಯ ಕೆಲಸವೇ ಆದರೂ ಸಾರ್ವಜನಿಕ ಉದ್ಯಾನವನ್ನು ಕಸಿದು ಖಾಸಗಿಯವರಿಗೆ ಕೊಡಲಾಗದೆಂದು ನ್ಯಾಯಾಲಯ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ. ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆಯೆಂಬುದನ್ನೂ ಒಪ್ಪಿತು. ನಮ್ಮ ಬಡಾವಣೆಯ ಖಾಲಿ ಜಾಗದಲ್ಲಿ ಯಾರೋ ಬೇಲಿ ಹಾಕುವಾಗ 'ನಮಗೇಕೆ' ಎಂದು ಸುಮ್ಮನಿರುವವರು ಈ ತೀರ್ಪನ್ನು ನೆನೆಯಬೇಕು.

ಖಾತೆ ಹಕ್ಕುಪತ್ರವಲ್ಲ

ಖಾತೆ ಎಂದರೆ ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಟ್ಟಿರುವ ಪುಸ್ತಕದಲ್ಲಿ ನಮ್ಮ ಹೆಸರಿನ ನಮೂದು. ಖಾತೆ ಬದಲಾವಣೆಯ ನಮೂದು ಮಾತ್ರದಿಂದ ಯಾರಿಗೂ ಒಡೆತನ ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. ಒಡೆತನ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉತ್ತರಾಧಿಕಾರ ಇವುಗಳಿಂದ. ಕಂದಾಯ ಕಟ್ಟಿದ ರಸೀತಿಯೂ ಹಾಗೆಯೇ. ಅದು ತೆರಿಗೆ ಕೊಟ್ಟದ್ದಕ್ಕೆ ಸಾಕ್ಷಿ, ಬಡಾವಣೆ ಸಕ್ರಮವೆಂಬುದಕ್ಕಲ್ಲ.

'ಬಿ-ಖಾತೆ' ಎಂಬುದು ನಿಯಮಬದ್ಧವಲ್ಲದ ಆಸ್ತಿಯಿಂದಲೂ ತೆರಿಗೆ ಪಡೆಯಲೆಂದು ಪ್ರತ್ಯೇಕ ಪುಸ್ತಕದಲ್ಲಿ ಮಾಡಿಕೊಳ್ಳುವ ನಮೂದು. ಹಳ್ಳಿಗಳಲ್ಲಿ ಗ್ರಾಮಠಾಣ ಎಂಬ ಶಬ್ದವನ್ನು ಗಮನಿಸಬೇಕು. ಅದು ಊರಿನ ವಸತಿಗೆಂದು ಮೊದಲಿನಿಂದಲೂ ಗುರುತಿಸಿದ ನೆಲ. ಅಲ್ಲಿಯ ಮನೆಗೂ ಊರ ಹೊರಗಿನ ಹೊಲದಲ್ಲಿ ಕಲ್ಲು ನೆಟ್ಟ ನಿವೇಶನಕ್ಕೂ ಕಾನೂನಿನ ಸ್ಥಾನ ಒಂದೇ ಅಲ್ಲ. ಗ್ರಾಮ ಪಂಚಾಯತಿ ಆಸ್ತಿಗಳ ದಾಖಲೆಗೆಂದು ೨೦೧೩ರಿಂದ 'ಇ-ಸ್ವತ್ತು' ವ್ಯವಸ್ಥೆ ನಡೆದುಬಂದಿದೆ.

ಮುಂದೊಂದು ದಿನ ಎಲ್ಲವೂ ಸಕ್ರಮವಾದೀತೆಂಬ ನಂಬಿಕೆಯಿಂದ ಅಕ್ರಮ ನಿವೇಶನ ಕೊಳ್ಳುವವರಿದ್ದಾರೆ. ೨೦೧೪ರಲ್ಲಿ ಅಕ್ರಮ–ಸಕ್ರಮ ನಿಯಮಗಳು ಬಂದವು. ೨೦೧೬ರಲ್ಲಿ ಉಚ್ಚ ನ್ಯಾಯಾಲಯ ಅವನ್ನು ಎತ್ತಿಹಿಡಿಯಿತು. ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಇಂಥ ಭರವಸೆಯ ಮೇಲೆ ಸಂಸಾರದ ಉಳಿತಾಯವನ್ನು ಪಣವಿಡುವುದು ವಿವೇಕವಲ್ಲ.

ರೇರಾ ಎಂಬ ರಕ್ಷೆ

೨೦೧೬ರ ರಿಯಲ್ ಎಸ್ಟೇಟ್ ಅಧಿನಿಯಮವನ್ನು ಜನ 'ರೇರಾ' ಎಂದು ಕರೆಯುತ್ತಾರೆ. ೫೦೦ ಚದರ ಮೀಟರಿಗಿಂತ, ಅಂದರೆ ಹೆಚ್ಚು ಕಡಿಮೆ ಐದು ಗುಂಟೆಗಿಂತ, ದೊಡ್ಡ ಜಮೀನಿನ ಹೊಸ ಬಡಾವಣೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಮಾರುವಂತಿಲ್ಲ. ಗ್ರಾಹಕರಿಂದ ಪಡೆದ ಹಣದ ಶೇಕಡಾ ೭೦ನ್ನು ಆ ಯೋಜನೆಯ ನೆಲ ಮತ್ತು ಕಾಮಗಾರಿಯ ವೆಚ್ಚಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ ೧೦ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. 'ಇಂದೇ ಅರ್ಧ ಹಣ ಕೊಡಿ, ನಾಳೆ ದರ ಏರುತ್ತದೆ' ಎಂದು ಅವಸರ ಮಾಡುವವರಿಗೆ ಈ ಒಂದು ನಿಯಮವೇ ತಕ್ಕ ಉತ್ತರ.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು

ಮೇಲಿನ ಶಬ್ದಗಳ ಅರ್ಥ ತಿಳಿದವರಿಗೆ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ. ಪಹಣಿಯಲ್ಲಿ 'ಬ' ಖರಾಬು ಎಷ್ಟಿದೆ, ಅದು ನಕ್ಷೆಯಲ್ಲಿ ಎಲ್ಲಿದೆ? ಪರಿವರ್ತನೆಯ ಆದೇಶ ಯಾವ ಉಪಯೋಗಕ್ಕೆ ಆಗಿದೆ? ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರದ ಮೊಹರು ಇದೆಯೇ, ಅಥವಾ ಕೇವಲ ಪಂಚಾಯತಿಯ ಮೊಹರು ಇದೆಯೇ? ನಾವು ಕೊಳ್ಳುವ ನಿವೇಶನದ ಸಂಖ್ಯೆ ಆ ನಕ್ಷೆಯಲ್ಲಿ ಇದೆಯೇ, ಅಥವಾ ಅದು ಉದ್ಯಾನದ ಭಾಗವೇ? ಕ್ರಯಪತ್ರದ ಚಕ್ಕುಬಂದಿ ಸ್ಥಳಕ್ಕೆ ತಾಳೆಯಾಗುತ್ತದೆಯೇ? ಋಣಭಾರ ಪತ್ರದಲ್ಲಿ ಹಳೆಯ ಅಡವು, ಕರಾರುಗಳಿವೆಯೇ? ಮಾರುವವರ ಮನೆಯ ಎಲ್ಲ ಹಕ್ಕುದಾರರೂ ಒಪ್ಪಿದ್ದಾರೆಯೇ?

ಈ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ಪರಿಚಯದವರು, ನೆಂಟರು, ನಮ್ಮವರೇ ಎಂಬ ದಾಕ್ಷಿಣ್ಯದಲ್ಲಿ ಕಾಗದ ನೋಡದೆ ಮುಂಗಡ ಕೊಟ್ಟವರು ಹಣದೊಂದಿಗೆ ನೆಂಟಸ್ತನವನ್ನೂ ಕಳೆದುಕೊಳ್ಳಬೇಕಾದೀತು. ಪ್ರಾಮಾಣಿಕನಾದವನು ದಾಖಲೆ ತೋರಿಸಲು ಬೇಸರಪಡುವುದಿಲ್ಲ. ಅನುಭವಿ ವಕೀಲರಿಗೆ ಕೊಡುವ ಶುಲ್ಕವು ನಿವೇಶನದ ಬೆಲೆಯ ಮುಂದೆ ಅತ್ಯಲ್ಪವೆಂಬುದನ್ನು ಮರೆಯದೆ, ಮನೆಯ ಗಂಡಸರೂ ಹೆಂಗಸರೂ ಕೂಡಿ ಕುಳಿತು ಕಾಗದಗಳನ್ನು ಓದಿ, ಆ ಬಳಿಕವೇ ಮುಂಗಡದ ಮಾತನ್ನು ಎತ್ತುವುದು ಲೇಸು.