ಅರಗು ಲೇಪಿತ ಮರದ ಆಭರಣಗಳು : ತಯಾರಿಕೆ ಹಾಗೂ ನೋಂದಣಿ ಕುರಿತು ಮಾಹಿತಿ

ಆಭರಣವೆಂದರೆ ಚಿನ್ನ, ಬೆಳ್ಳಿಗಳದೇ ಆಗಬೇಕೆಂದಿಲ್ಲ. ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣದಲ್ಲಿ ಗೊಂಬೆಗಳ ಜೊತೆಗೆ ಮರದ ಮಣಿಸರ, ಬಳೆ ಹಾಗೂ ಬುಗುರಿಯಾಕಾರದ ಓಲೆಗಳನ್ನೂ ತಯಾರಿಸಲಾಗುತ್ತಿದೆ. ಈ ವೃತ್ತಿಯನ್ನು ಕೈಗೊಳ್ಳಬಯಸುವವರ ಅವಗಾಹನೆಗಾಗಿ ಕೆಲವು ವಿವರಗಳನ್ನು ಇಲ್ಲಿ ನೀಡಲಾಗಿದೆ.

ಸಾಂಪ್ರದಾಯಿಕವಾಗಿ ಆಲೆ ಮರವನ್ನು ಬಳಸಲಾಗುತ್ತದೆ. ಇದು ಬಿಳುಪಾದ, ಕಡೆಯಲು ಸುಲಭವಾದ ಮರ. ಹಸಿ ಮರದಿಂದ ಕಡೆದ ಮಣಿಯು ಮುಂದೆ ಬಿರುಕು ಬಿಡುವುದರಿಂದ ತುಂಡುಗಳನ್ನು ಪೂರ್ಣವಾಗಿ ಒಣಗಿಸತಕ್ಕದ್ದು. ದಾರದ ರಂಧ್ರವನ್ನು ಬಣ್ಣಕ್ಕೆ ಮೊದಲೇ ಕೊರೆಯುವುದು ಸೂಕ್ತ. ಅರಗು ಪೆಡಸಾದುದರಿಂದ ನಂತರ ಕೊರೆದಲ್ಲಿ ಅಂಚು ಸಿಡಿಯುವ ಸಂಭವವಿದೆ. ಲೇತ್ ಯಂತ್ರದಲ್ಲಿ ತಿರುಗುತ್ತಿರುವ ಮಣಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಬಳಿಕ ಒಣಗಿದ ಗರಿಯನ್ನು ಒತ್ತಿ ಹಿಡಿದು ಹೊಳಪು ಬರಿಸಲಾಗುತ್ತದೆ. ಕುಂಚದ ಅಗತ್ಯವೇ ಇಲ್ಲ.

ಹಳದಿಗೆ ಅರಿಶಿನದಂತಹ ಸಸ್ಯಜನ್ಯ ಬಣ್ಣಗಳು ಉತ್ತಮ. ಸೀಸದ ಅಂಶವುಳ್ಳ ಅಗ್ಗದ ಬಣ್ಣದ ಪುಡಿಗಳನ್ನು ಬಳಸಕೂಡದು. ಮಕ್ಕಳು ಮಣಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಓಲೆಯ ಕೊಕ್ಕೆಯಲ್ಲಿನ ನಿಕ್ಕಲ್ ಲೋಹವು ಕೆಲವರಿಗೆ ತುರಿಕೆಯನ್ನುಂಟುಮಾಡುತ್ತದೆ. ಸ್ಪಿರಿಟ್‌ಯುಕ್ತ ಸುಗಂಧದ್ರವ್ಯ ಹಾಗೂ ಸ್ಯಾನಿಟೈಸರ್ ಅರಗನ್ನು ಕರಗಿಸುತ್ತವೆಂಬ ಸೂಚನೆಯನ್ನು ಪೊಟ್ಟಣದ ಮೇಲೆ ಮುದ್ರಿಸಿದಲ್ಲಿ ಗ್ರಾಹಕರ ದೂರುಗಳು ಎಷ್ಟೋ ಕಡಿಮೆಯಾಗುತ್ತವೆ.

ಕುಶಲಕರ್ಮಿ ಗುರುತಿನ ಚೀಟಿಯನ್ನು ಕೇಂದ್ರ ಜವಳಿ ಮಂತ್ರಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಛೇರಿಯು ನೀಡುತ್ತದೆ. ಇದು ಸ್ವತಃ ಕೈಕೆಲಸ ಮಾಡುವವರಿಗೆ ಮಾತ್ರ; ಖರೀದಿಸಿ ಮಾರುವವರಿಗಲ್ಲ. ಈ ನೋಂದಣಿಯನ್ನು ಅನೇಕರು ಉಪೇಕ್ಷಿಸುತ್ತಾರೆ. ಆದರೆ ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020ರ ಮೇರೆಗೆ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಿಸಿದ ವಸ್ತುಗಳಿಗೆ 2021ರ ಜನವರಿ 1ರಿಂದ ಬಿ.ಐ.ಎಸ್. ಗುರುತು ಕಡ್ಡಾಯವಾಗಿದ್ದು, ಸದರಿ ಕಛೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ವಿನಾಯಿತಿ ಇರುತ್ತದೆ. ಮಕ್ಕಳ ಆಟದ ಸರ, ಬಳೆಗಳನ್ನು ಮಾರುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಭೌಗೋಳಿಕ ಸೂಚ್ಯಂಕ ನೋಂದಣಿಯು “ಚನ್ನಪಟ್ಟಣ ಆಟಿಕೆಗಳು ಮತ್ತು ಗೊಂಬೆಗಳು” ಎಂಬ ಹೆಸರಿನಲ್ಲಿದೆ. ಆದುದರಿಂದ ಆಭರಣಗಳ ಮೇಲೆ ಈ ಹೆಸರನ್ನು ಮುದ್ರಿಸುವ ಮುನ್ನ ನೋಂದಣಿಯಲ್ಲಿನ ಸರಕಿನ ವಿವರಣೆಯನ್ನು ಪರಿಶೀಲಿಸಿಕೊಳ್ಳುವುದು. ಅಧಿಕೃತ ಬಳಕೆದಾರರಾಗಲು ಇಚ್ಛಿಸುವ ಉತ್ಪಾದಕರು ಚೆನ್ನೈನಲ್ಲಿರುವ ಭೌಗೋಳಿಕ ಸೂಚ್ಯಂಕ ನೋಂದಣಿ ಕಛೇರಿಗೆ ನಮೂನೆ ಜಿ.ಐ.-3ರಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ.