ಉದ್ಯಮದ ಸಮೀಪ ಸ್ವಂತ ಮನೆ: ಬಡಾವಣೆಯ ಆಯ್ಕೆಗೊಂದು ಲೆಕ್ಕಾಚಾರ

ಯಂತ್ರವೊಂದನ್ನು ಕೊಳ್ಳುವ ಮುನ್ನ ನಾಲ್ಕು ಕಡೆಯಿಂದ ದರಪಟ್ಟಿ ತರಿಸಿ, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂದು ಪರಿಶೀಲಿಸುವುದು ಸಣ್ಣ ಕೈಗಾರಿಕೋದ್ಯಮಿಗಳ ರೂಢಿ. ಆದರೆ ಯಂತ್ರಕ್ಕಿಂತ ಹಲವು ಪಟ್ಟು ಬೆಲೆಯ ಮನೆಯನ್ನು ಕೊಳ್ಳುವಾಗ "ಕಾರ್ಖಾನೆಗೆ ಹತ್ತಿರವಿದೆ" ಎಂಬ ಒಂದೇ ಕಾರಣಕ್ಕೆ ಮುಂಗಡ ಕೊಟ್ಟುಬಿಡುವುದುಂಟು. ಸಾಮೀಪ್ಯಕ್ಕೂ ಒಂದು ಬೆಲೆಯಿದೆ. ಅದನ್ನು ರೂಪಾಯಿಗಳಲ್ಲಿ ಅಳೆದು ನೋಡಬಹುದು. ಅದು ಹೇಗೆಂಬುದನ್ನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶವನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಸಾಮೀಪ್ಯದ ಬೆಲೆ

ಪೀಣ್ಯದಲ್ಲಿ ಘಟಕ ನಡೆಸುವ ಉದ್ಯಮಿಯೊಬ್ಬರ ಮುಂದೆ ಎರಡು ಮನೆಗಳಿವೆ ಎಂದಿಟ್ಟುಕೊಳ್ಳೋಣ. ಒಂದು 5 ಕಿಲೋಮೀಟರ್ ದೂರದಲ್ಲಿದ್ದು, ಬೆಲೆ 1 ಕೋಟಿ ರೂಪಾಯಿ. ಇನ್ನೊಂದು 20 ಕಿಲೋಮೀಟರ್ ದೂರದಲ್ಲಿದ್ದು, ಬೆಲೆ 80 ಲಕ್ಷ ರೂಪಾಯಿ. ಈ ಅಂಕಿಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕಿಂತ ಹೆಚ್ಚಿನ, 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 80ನ್ನು ಮೀರುವಂತಿಲ್ಲ, 75 ಲಕ್ಷ ದಾಟಿದ ಸಾಲಕ್ಕೆ ಈ ಮಿತಿ ಶೇ. 75. ಇಂತಹ ಮನೆಗಳ ಮೌಲ್ಯಕ್ಕೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕಗಳನ್ನು ಸೇರಿಸುವಂತಿಲ್ಲ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕವು ಶೇ. 1ರಿಂದ ಶೇ. 2ಕ್ಕೆ ಏರಿದೆ. ಶೇ. 5ರ ಮುದ್ರಾಂಕ ಶುಲ್ಕ ಹಾಗೂ ಅದರ ಮೇಲಿನ ಉಪಕರ, ಅಧಿಭಾರಗಳನ್ನು ಕೂಡಿಸಿದರೆ ನಗರ ಪ್ರದೇಶದಲ್ಲಿ ಒಟ್ಟು ಶೇ. 7.6 ಆಗುತ್ತದೆ.

ಈಗ ಲೆಕ್ಕವನ್ನು ನೋಡೋಣ. 1 ಕೋಟಿಯ ಮನೆಗೆ 75 ಲಕ್ಷ ಸಾಲ ಪಡೆದರೆ ಕೈಯಿಂದ ಹಾಕಬೇಕಾದದ್ದು 25 ಲಕ್ಷ ಹಾಗೂ ಶುಲ್ಕಗಳು 7.60 ಲಕ್ಷ, ಒಟ್ಟು 32.60 ಲಕ್ಷ. 80 ಲಕ್ಷದ ಮನೆಗೆ 64 ಲಕ್ಷ ಸಾಲ ಪಡೆದರೆ ಕೈಯಿಂದ 16 ಲಕ್ಷ ಹಾಗೂ ಶುಲ್ಕಗಳು 6.08 ಲಕ್ಷ, ಒಟ್ಟು 22.08 ಲಕ್ಷ. ಅಂದರೆ ಹತ್ತಿರದ ಮನೆಗೆ 11 ಲಕ್ಷ ಹೆಚ್ಚು ಸಾಲವೂ 10.52 ಲಕ್ಷ ಹೆಚ್ಚು ಸ್ವಂತ ಹಣವೂ ಬೇಕು.

ಶೇ. 8.5ರ ಬಡ್ಡಿಯಲ್ಲಿ 20 ವರ್ಷಗಳಿಗೆ 11 ಲಕ್ಷದ ಮಾಸಿಕ ಕಂತು ಸುಮಾರು 9,550 ರೂಪಾಯಿ. ಸ್ವಂತ ಹಣಕ್ಕೆ ಬಡ್ಡಿಯಿಲ್ಲವೆಂದು ಭಾವಿಸುವುದು ಸರಿಯಲ್ಲ. ಅದು ವ್ಯವಹಾರದಲ್ಲಿ ಉಳಿದಿದ್ದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಅಷ್ಟರಮಟ್ಟಿಗೆ ತಗ್ಗುತ್ತಿತ್ತು. ಶೇ. 11ರಂತೆ 10.52 ಲಕ್ಷಕ್ಕೆ ತಿಂಗಳಿಗೆ ಸುಮಾರು 9,650 ರೂಪಾಯಿ. ಹೀಗೆ ಸಾಮೀಪ್ಯದ ಬೆಲೆ ತಿಂಗಳಿಗೆ 19,200 ರೂಪಾಯಿ.

ಇದರಿಂದ ಉಳಿಯುವುದೇನು? ದಿನಕ್ಕೆ 30 ಕಿಲೋಮೀಟರ್‌ನಂತೆ, 25 ದಿನಗಳಿಗೆ 750 ಕಿಲೋಮೀಟರ್ ಓಡಾಟ. ಇಂಧನ, ಸವೆತಗಳಿಗೆ ಕಿಲೋಮೀಟರಿಗೆ 10 ರೂಪಾಯಿ ಹಿಡಿದರೆ 7,500 ರೂಪಾಯಿ. ಒಂದು ಕಡೆಯ ಪ್ರಯಾಣ 75 ನಿಮಿಷದಿಂದ 20 ನಿಮಿಷಕ್ಕೆ ಇಳಿಯುವುದಾದರೆ ತಿಂಗಳಿಗೆ ಸುಮಾರು 46 ಗಂಟೆ ಉಳಿತಾಯ. ತಿಂಗಳಿಗೆ 200 ಗಂಟೆ ದುಡಿಯುವ, 60,000 ರೂಪಾಯಿ ಸಂಬಳದ ಮೇಲ್ವಿಚಾರಕನ ಗಂಟೆಯ ಬೆಲೆ 300 ರೂಪಾಯಿ. ಮಾಲೀಕನ ಸಮಯಕ್ಕೂ ಅಷ್ಟೇ ಬೆಲೆ ಕಟ್ಟಿದರೆ 13,800 ರೂಪಾಯಿ. ಒಟ್ಟು ಉಳಿತಾಯ 21,300 ರೂಪಾಯಿ. ಈ ಉದಾಹರಣೆಯಲ್ಲಿ ಹತ್ತಿರದ ಮನೆಯೇ ಲಾಭಕರ. ಆದರೆ ಗಂಟೆಯ ಬೆಲೆ ಸುಮಾರು 255 ರೂಪಾಯಿಗಿಂತ ಕಡಿಮೆಯಾದರೆ, ಅಥವಾ ಉಳಿದ ಸಮಯ ವ್ಯವಹಾರಕ್ಕಾಗಲಿ ಕುಟುಂಬಕ್ಕಾಗಲಿ ಒದಗದೆ ಹೋದರೆ ಫಲಿತಾಂಶ ತಿರುಗಿಬೀಳುತ್ತದೆ.

ದೂರವೆಂದರೆ ಕಿಲೋಮೀಟರಲ್ಲ, ನಿಮಿಷ

ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ದುರಸ್ತಿಗಾಗಿ ಮುಚ್ಚಿದಾಗ ಯಾರ ಮನೆಯೂ ಒಂದು ಅಡಿ ದೂರ ಸರಿಯಲಿಲ್ಲ. ಪ್ರಯಾಣದ ಸಮಯ ಮಾತ್ರ ಬೆಳೆಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ದೊರೆತರೂ ಭಾರೀ ವಾಹನಗಳ ಮೇಲಿನ ನಿರ್ಬಂಧ ಬಹುಕಾಲ ಮುಂದುವರಿಯಿತು. ಒಂದೇ ರಸ್ತೆಯನ್ನು ನಂಬಿದ ಬಡಾವಣೆಗೆ ಈ ಅಪಾಯ ಇದ್ದೇ ಇರುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನ ಮೆಟ್ರೋ ಹಸಿರು ಮಾರ್ಗ. ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ ಭಾಗ 2014ರ ಮಾರ್ಚ್‌ನಲ್ಲಿಯೂ ನಾಗಸಂದ್ರದವರೆಗಿನ ಭಾಗ 2015ರ ಮೇ ತಿಂಗಳಲ್ಲಿಯೂ ಆರಂಭವಾದವು. 2017ರಲ್ಲಿ ದಕ್ಷಿಣದ ಯಲಚೇನಹಳ್ಳಿಯವರೆಗೂ 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೂ ಮಾರ್ಗ ಬೆಳೆಯಿತು. ಉತ್ತರದಲ್ಲಿ 2024ರ ನವೆಂಬರ್‌ನಲ್ಲಿ ಮಾದಾವರ ತಲುಪಿತು. ಮೇಲಿನ 20 ಕಿಲೋಮೀಟರ್ ದೂರದ ಮನೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದು, ಪ್ರಯಾಣ 45 ನಿಮಿಷಕ್ಕೆ ಇಳಿಯಿತೆನ್ನೋಣ. ಆಗ ಹತ್ತಿರದ ಮನೆಯಿಂದ ಉಳಿಯುವ ಸಮಯ ತಿಂಗಳಿಗೆ ಸುಮಾರು 21 ಗಂಟೆ, ಅಂದರೆ 6,300 ರೂಪಾಯಿ ಮಾತ್ರ. ಪ್ರಯಾಣ ವೆಚ್ಚದ ಉಳಿತಾಯ ಪೂರ್ತಿ 7,500 ರೂಪಾಯಿಯೆಂದೇ ಹಿಡಿದರೂ ಒಟ್ಟು 13,800. ಇದಕ್ಕಾಗಿ ತಿಂಗಳಿಗೆ 19,200 ರೂಪಾಯಿ ಕೊಡುವುದು ನಷ್ಟದ ವ್ಯವಹಾರ.

ಶೆಡ್ಡು ಅಲ್ಲಿಯೇ ಇರುವುದೇ?

ಬಹುಮುಖ್ಯವಾದ ಪ್ರಶ್ನೆಯಿದು. ನಮ್ಮ ಅನೇಕ ಘಟಕಗಳು ಬಾಡಿಗೆ ಶೆಡ್ಡುಗಳಲ್ಲಿ ನಡೆಯುತ್ತವೆ. ಕರಾರು ಮೂರು ವರ್ಷದ್ದು, ಗೃಹಸಾಲ ಇಪ್ಪತ್ತು ವರ್ಷದ್ದು. ಬಾಡಿಗೆ ಏರಿದರೆ ಅಥವಾ ಹೆಚ್ಚಿನ ಸ್ಥಳ ಬೇಕಾದರೆ ನೆಲಮಂಗಲದಾಚೆಯ ದಾಬಸ್‌ಪೇಟೆಗೋ ತುಮಕೂರಿನ ವಸಂತನರಸಾಪುರಕ್ಕೋ ಘಟಕವನ್ನು ಸಾಗಿಸಬೇಕಾದೀತು. ಆಗ ಸಾಮೀಪ್ಯಕ್ಕೆಂದು ಕೊಟ್ಟ ಹೆಚ್ಚಿನ ಹಣವೆಲ್ಲ ವ್ಯರ್ಥ. ಶೆಡ್ಡು ಸ್ವಂತದ್ದಾಗಿದ್ದರೆ ಅದರ ಪಕ್ಕದ ಮನೆಗೆ ಅರ್ಥವಿದೆ. ಬಾಡಿಗೆಯದಾಗಿದ್ದರೆ ಯಶವಂತಪುರ, ಮಹಾಲಕ್ಷ್ಮಿ ಬಡಾವಣೆ, ರಾಜಾಜಿನಗರ, ದಾಸರಹಳ್ಳಿಗಳಂತೆ ಮೆಟ್ರೋ ಮಾರ್ಗದ ಮೇಲಿರುವ, ತುಮಕೂರು ರಸ್ತೆಗೂ ನಗರದ ಒಳಭಾಗಕ್ಕೂ ಸಂಪರ್ಕವಿರುವ ಬಡಾವಣೆ ಲೇಸು. ಮಕ್ಕಳ ಶಾಲೆ, ಮನೆಯ ಇತರರ ಉದ್ಯೋಗ, ವೃದ್ಧರಿಗೆ ಬೇಕಾಗುವ ಆಸ್ಪತ್ರೆಗಳ ನಿಮಿಷಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಅತಿ ಸಾಮೀಪ್ಯದ ದೋಷಗಳು

ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿಯ ವೇಳೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ಕೈಗಾರಿಕಾ ಪ್ರದೇಶದ ಮಿತಿ 70 ಡೆಸಿಬೆಲ್. ಗಡಿಯಂಚಿನ ಮನೆಯನ್ನು ರಾತ್ರಿ ಪಾಳಿಯ ವೇಳೆಯಲ್ಲಿ ಒಮ್ಮೆ ನೋಡಬೇಕು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಆದ್ದರಿಂದ ಕೊಳವೆಬಾವಿಯನ್ನೇ ನೆಚ್ಚಿದ ಮನೆಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಕೊಳ್ಳಬಾರದು. 2024ರ ಬೇಸಿಗೆಯಲ್ಲಿ ನಗರದ ಅನೇಕ ಕೊಳವೆಬಾವಿಗಳು ಬತ್ತಿಹೋದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತವು 110 ಹಳ್ಳಿಗಳಿಗಾಗಿ ರೂಪುಗೊಂಡದ್ದು. ಆದರೂ ಕೊಳ್ಳಲಿರುವ ಮನೆಗೆ ಸಂಪರ್ಕ ದೊರೆತಿದೆಯೇ ಎಂಬುದನ್ನು ನೀರಿನ ಬಿಲ್ಲು ನೋಡಿಯೇ ಖಚಿತಪಡಿಸಿಕೊಳ್ಳತಕ್ಕದ್ದು.

ಹಣ ಮತ್ತು ದಾಖಲೆಗಳು

1. ಕ್ಯಾಶ್ ಕ್ರೆಡಿಟ್ ಖಾತೆಯಿಂದ ಮನೆಗೆ ಹಣ ತೆಗೆಯಬಾರದು. ಆ ಸಾಲ ದಾಸ್ತಾನು ಹಾಗೂ ಗ್ರಾಹಕರಿಂದ ಬರಬೇಕಾದ ಬಾಕಿಯ ಆಧಾರದ ಮೇಲೆ ಕೊಟ್ಟದ್ದು. ಅದನ್ನು ಗೋಡೆಗೆ ಹಾಕಿದರೆ ಕಚ್ಚಾ ಸಾಮಗ್ರಿಗೆ ಹಣವಿಲ್ಲದೆ, ಆರ್ಡರ್‌ಗಳಿದ್ದೂ ಘಟಕ ನಿಲ್ಲುವ ಸ್ಥಿತಿ ಬರುತ್ತದೆ.

2. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದೆ. ಹೊಸ ಪದ್ಧತಿಯಲ್ಲಿ ಇಲ್ಲ.

3. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ, ಮಾರುವವರು ಭಾರತದ ನಿವಾಸಿಯಾಗಿದ್ದಲ್ಲಿ, ಕೊಳ್ಳುವವರು ಶೇ. 1ರಷ್ಟು ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು.

4. ನಿರ್ಮಾಣ ಹಂತದ ಫ್ಲಾಟಿಗೆ ಸಾಮಾನ್ಯವಾಗಿ ಶೇ. 5ರ ಜಿಎಸ್‌ಟಿ ಉಂಟು. ಪೂರ್ಣತಾ ಪ್ರಮಾಣಪತ್ರ ದೊರೆತ ನಂತರ ಮಾರಾಟವಾಗುವ ಮನೆಗೆ ಇಲ್ಲ.

5. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಅದರ ಜೊತೆಗೆ ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆಗಳನ್ನು ವಕೀಲರಿಗೆ ತೋರಿಸತಕ್ಕದ್ದು. ಬಿ ಖಾತೆಯ ಆಸ್ತಿಗೆ ಸಾಲ ದೊರೆಯುವುದು ಕಷ್ಟ. ಮರುಮಾರಾಟದಲ್ಲಿ ಬೆಲೆಯೂ ತಗ್ಗುತ್ತದೆ.

ಮುಂಗಡ ಕೊಡುವ ಮುನ್ನ ಒಂದು ವಾರ ಆ ಬಡಾವಣೆಯಿಂದ ಘಟಕಕ್ಕೆ ಬೆಳಿಗ್ಗೆ ಮತ್ತು ಸಂಜೆ ಸಂಚರಿಸಿ ನಿಮಿಷಗಳನ್ನು ಬರೆದಿಡುವುದು ಒಳಿತು. ಆ ವಾರದ ಅಂಕಿಗಳು, ಶೆಡ್ಡಿನ ಕರಾರು ಮತ್ತು ವ್ಯವಹಾರದ ಆರು ತಿಂಗಳ ನಗದು ಹರಿವಿನ ಅಂದಾಜು, ಈ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ತೀರ್ಮಾನಿಸಿದರೆ ಮನೆಯೂ ನಿಲ್ಲುತ್ತದೆ, ಉದ್ಯಮವೂ ನಡೆಯುತ್ತದೆ.